ಎರಡು ಸಲ ಸತ್ತ ಆಪ್ಟಿಮಸ್

2009ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್: ರಿವೆಂಜ್ ಆಫ್ ದಿ ಫಾಲನ್’ ಬಿಡುಗಡೆಯಾದ ವಾರವೇ ಆಫೀಸಿಗೆ ಅರ್ಧ ದಿನ ರಜೆ ಹಾಕಿ ನೋಡೋಕೆ ಹೋಗಿದ್ದೆ. ಕಾರಣದ ಜಾಗದಲ್ಲಿ ‘ಪರ್ಸನಲ್’ ಅಂತ ಬರೆದಿದ್ದೆ. ಸುಳ್ಳೇನಲ್ಲ ಬಿಡಿ. ಪಕ್ಕದ ಸೀಟಿನಲ್ಲಿ ಆರೇಳು ವರ್ಷದ ಒಬ್ಬ ಹುಡುಗ, ಅವನಾಚೆ ಅವನಪ್ಪ. ಸಿನಿಮಾ ಶುರುವಾಗಿ ಸುಮಾರು ಒಂದು ಗಂಟೆಗೆ ಕಾಡಿನ ಹೊಡೆದಾಟ ಬರುತ್ತೆ. ಆಪ್ಟಿಮಸ್ ಪ್ರೈಮ್ ಒಬ್ಬನೇ, ಎದುರಿಗೆ ಮೂರು ಡಿಸೆಪ್ಟಿಕಾನ್‌ಗಳು. ಕೊನೆಗೆ ಮೆಗಾಟ್ರಾನ್ ಹಿಂದಿನಿಂದ ಬಂದು ಎದೆ ಸೀಳಿಹಾಕ್ತಾನೆ. ಹುಡುಗ ಕೇಳಿದ, “ಪಪ್ಪಾ, ಸತ್ತೋದ್ನಾ?” ಅಪ್ಪ ಪಾಪ್‌ಕಾರ್ನ್ ಬಾಯಿಗೆ ಹಾಕ್ಕೊಳ್ತಾ, “ಬರ್ತಾನೆ ಬಿಡೋ, ಪೋಸ್ಟರ್ ತುಂಬಾ ಅವನೇ ಇದ್ದಾನಲ್ಲ” ಅಂದರು. ಹುಡುಗ ತಲೆಯಾಡಿಸಿ ಕೋಲ್ಡ್‌ಡ್ರಿಂಕ್ ಹೀರತೊಡಗಿದ.

ನನಗೆ ಯಾಕೋ ಒಂಥರಾ ಆಯ್ತು. ಯಾಕಂದ್ರೆ ಇದೇ ಸಾವನ್ನ ನಾನು ಇಪ್ಪತ್ತು ವರ್ಷದ ಹಿಂದೆ ಒಮ್ಮೆ ನೋಡಿದ್ದೆ.

1989ರ ಬೇಸಿಗೆ ರಜೆ. ಲಂಡನ್ನಿನಲ್ಲಿದ್ದ ಸೋದರಮಾವ ರಜೆಗೆ ಬಂದಾಗ ನನಗೊಂದು ವಿಡಿಯೋ ಕ್ಯಾಸೆಟ್ ತಂದಿದ್ದರು: 1986ರ ಕಾರ್ಟೂನ್ ಚಿತ್ರ ‘ದಿ ಟ್ರಾನ್ಸ್‌ಫಾರ್ಮರ್ಸ್: ದಿ ಮೂವಿ’. ನಮ್ಮನೇಲಿ ವಿಸಿಆರ್ ಇರಲಿಲ್ಲ, ಒಂದು ದಿನದ ಮಟ್ಟಿಗೆ ಬಾಡಿಗೆಗೆ ತಂದೆವು. ಆ ಚಿತ್ರದಲ್ಲಿ ಆಪ್ಟಿಮಸ್‌ನನ್ನು ಮೇಜಿನ ಮೇಲೆ ಮಲಗಿಸ್ತಾರೆ, ಸುತ್ತ ಗೆಳೆಯರು ನಿಂತಿರ್ತಾರೆ. ನಾಯಕತ್ವದ ಕುರುಹಾದ ಮ್ಯಾಟ್ರಿಕ್ಸನ್ನ ಇನ್ನೊಬ್ಬನಿಗೆ ಒಪ್ಪಿಸಿದ ಮೇಲೆ ಅವನ ಕೆಂಪು, ನೀಲಿ ಬಣ್ಣಗಳೆಲ್ಲ ಇಳಿದು ಬೂದಿಯಾಗ್ತವೆ, ತಲೆ ಪಕ್ಕಕ್ಕೆ ವಾಲುತ್ತೆ. ನಾನು ಬಿಕ್ಕಿಬಿಕ್ಕಿ ಅತ್ತೆ. ಅಡುಗೆಮನೆಯಿಂದ ಅಜ್ಜಿ ಓಡಿಬಂದು ಏನಾಯ್ತೋ ಅಂದರು. “ಲಾರಿ ಸತ್ತೋಯ್ತು ಅಜ್ಜಿ” ಅಂದೆ. ಮುಂದೆ ವರ್ಷಗಟ್ಟಲೆ ಮನೆಗೆ ಬಂದವರ ಮುಂದೆಲ್ಲ ಇದನ್ನ ಹೇಳಿ ನಗಿಸ್ತಿದ್ದರು ಅಜ್ಜಿ.

ಆ ಕ್ಯಾಸೆಟ್ಟಿನ ಕೊನೆಯಲ್ಲಿ ನಿರೂಪಕನ ದನಿಯೊಂದು ಬಂದು ಆಪ್ಟಿಮಸ್ ವಾಪಸ್ ಬರ್ತಾನೆ ಅಂತ ಭರವಸೆ ಕೊಡುತ್ತೆ. ಅದನ್ನ ಯಾಕೆ ಸೇರಿಸಿದ್ರು ಅಂತ ನನಗೆ ಗೊತ್ತಾಗಿದ್ದು ದೊಡ್ಡವನಾದ ಮೇಲೆ. ಅದಕ್ಕೆ ಈ ರೋಬೋಗಳು ಎಲ್ಲಿಂದ ಬಂದವು ಅನ್ನೋದನ್ನ ಸ್ವಲ್ಪ ಹೇಳಬೇಕು.

ಇವು ಹುಟ್ಟಿದ್ದು ಜಪಾನಿನಲ್ಲಿ. ಟಕಾರಾ ಎಂಬ ಆಟಿಕೆ ಕಂಪನಿ 1980ರಲ್ಲಿ ‘ಡಯಾಕ್ಲೋನ್’ ಎಂಬ ಸರಣಿ ಶುರುಮಾಡಿತು. ಕಾರು, ಲಾರಿಗಳು ರೋಬೋ ಆಗುವ ಆಟಿಕೆಗಳು ಅದರಲ್ಲಿ ಬಂದವು. ಆದರೆ ಆ ರೋಬೋಗಳಿಗೆ ಜೀವ ಇರಲಿಲ್ಲ. ಒಳಗೆ ಒಂದಿಂಚಿನ ಪುಟಾಣಿ ಚಾಲಕ ಕೂತು ಓಡಿಸ್ತಿದ್ದ, ಅಷ್ಟೆ. ಅಮೆರಿಕದ ಹಾಸ್ಬ್ರೋ ಕಂಪನಿಯವರು 1983ರಲ್ಲಿ ಟೋಕಿಯೋದ ಆಟಿಕೆ ಮೇಳದಲ್ಲಿ ಇವನ್ನ ನೋಡಿ, ಹಕ್ಕು ಪಡೆದು, ಚಾಲಕನನ್ನ ಕೈಬಿಟ್ಟು ರೋಬೋನೇ ಪಾತ್ರ ಅಂದುಬಿಟ್ಟರು. ಹಳೆಯ ಕೆಲವು ಆಟಿಕೆಗಳಲ್ಲಿ ಆ ಪುಟಾಣಿ ಕೂರುವ ಸೀಟು ಮಾತ್ರ ಹಾಗೇ ಉಳಿದಿದೆ.

ಪಾತ್ರ ಅಂದಮೇಲೆ ಹೆಸರು ಬೇಕಲ್ಲ? ಆ ಕೆಲಸ ಮಾರ್ವೆಲ್ ಕಾಮಿಕ್ಸ್‌ಗೆ ಹೋಯ್ತು. ಆಪ್ಟಿಮಸ್ ಪ್ರೈಮ್ ಅನ್ನೋ ಹೆಸರು ಡೆನ್ನಿ ಒ’ನೀಲ್ ಅವರದ್ದು. ಮಿಕ್ಕ ಬಹುಪಾಲು ಹೆಸರು, ಗುಣ, ಸ್ವಭಾವಗಳನ್ನ ಬರೆದವರು ಬಾಬ್ ಬುಡಿಯಾನ್‌ಸ್ಕಿ ಎಂಬ ಸಂಪಾದಕರು, ಅದೂ ಡೆಡ್‌ಲೈನ್ ತಲೆಮೇಲೆ ಕೂತಿದ್ದಾಗ, ರಜೆಯ ವಾರಾಂತ್ಯದಲ್ಲಿ. ಮೆಗಾಟ್ರಾನ್ ಹೆಸರು ಕೇಳಿದರೆ ಹೆದರಿಕೆ ಆಗುತ್ತಲ್ಲ ಅಂತ ಹಾಸ್ಬ್ರೋದವರು ಹಿಂಜರಿದಾಗ, ಅವನು ಖಳನಾಯಕ, ಹೆದರಿಕೆ ಆಗಲೇಬೇಕು ಅಂತ ವಾದಿಸಿ ಒಪ್ಪಿಸಿದ್ದೂ ಅವರೇ. ಇಂಥವರಿಗೆ ಯಾವ ಅಪ್ರೈಸಲ್‌ನಲ್ಲೂ ಸರಿಯಾದ ರೇಟಿಂಗ್ ಸಿಗಲ್ಲ, ನೋಡಿ.

ಕಾರ್ಟೂನು ಟಿವಿಗೆ ಬಂದದ್ದು 1984ರ ಸೆಪ್ಟೆಂಬರಿನಲ್ಲಿ. ವರ್ಷ ಮುಖ್ಯ. ಅದಕ್ಕೆ ಮುಂಚೆ ಆಟಿಕೆಯೊಂದರ ಸುತ್ತಲೇ ಮಕ್ಕಳ ಧಾರಾವಾಹಿ ಮಾಡೋದಕ್ಕೆ ಅಮೆರಿಕದಲ್ಲಿ ತಕರಾರಿತ್ತು. 1969ರಲ್ಲಿ ‘ಹಾಟ್ ವೀಲ್ಸ್’ ಕಾರ್ಟೂನು ಬಂದಾಗ ಇದು ಅರ್ಧ ಗಂಟೆಯ ಜಾಹೀರಾತು ಅಂತ ದೂರು ಹೋಗಿತ್ತು. ರೇಗನ್ ಕಾಲದಲ್ಲಿ ಆ ಕಟ್ಟುಪಾಡುಗಳೆಲ್ಲ ಸಡಿಲವಾದವು, ಆ ಬಾಗಿಲಿನಿಂದಲೇ ನಮ್ಮ ಆಪ್ಟಿಮಸ್ ಒಳಗೆ ಬಂದ. ಅಂದರೆ ನಾನು ಪ್ರೀತಿಸಿದ್ದು ಒಂದು ಜಾಹೀರಾತನ್ನ. ಇದನ್ನ ಮೊದಲ ಸಲ ಓದಿದಾಗ ಬೇಜಾರಾಯ್ತು ಅಂತ ಒಪ್ಪಿಕೊಳ್ತೀನಿ.

ಆದರೆ ಜಾಹೀರಾತಿಗೂ ದನಿ ಕೊಡೋಕೆ ಒಬ್ಬ ಮನುಷ್ಯ ಬೇಕಿತ್ತು. ಆಪ್ಟಿಮಸ್‌ಗೆ ದನಿಯಾದವರು ಪೀಟರ್ ಕಲೆನ್. ಅವರ ಅಣ್ಣ ಲ್ಯಾರಿ ವಿಯೆಟ್ನಾಂನಲ್ಲಿ ಹೋರಾಡಿದ್ದ ಮರೀನ್ ಅಧಿಕಾರಿ. ಹೀರೋ ಪಾತ್ರದ ಆಡಿಷನ್ನಿಗೆ ಹೋಗ್ತಿದ್ದೀನಿ ಅಂದಾಗ ಅಣ್ಣ ಕೊಟ್ಟ ಸಲಹೆ, ಕೂಗಾಡುವ ಹಾಲಿವುಡ್ ಹೀರೋ ಆಗಬೇಡ, ಗಟ್ಟಿಯಾಗಿದ್ದೂ ಮೆತ್ತಗೆ ಮಾತಾಡು ಅಂತ. ಕಲೆನ್ ಮೈಕಿನ ಮುಂದೆ ಅಣ್ಣನನ್ನೇ ನೆನೆಸಿಕೊಂಡು ಮಾತಾಡಿದರು. ಮಕ್ಕಳಿಗೆ ಲಾರಿಯೊಳಗೆ ಕೇಳಿಸಿದ್ದು ಆ ದನಿ.

ಹಾಸ್ಬ್ರೋಗೆ ಅದು ಕೇಳಿಸಿರಲಿಲ್ಲ. 1986ರ ಚಿತ್ರಕ್ಕೆ ಅವರ ಲೆಕ್ಕ ಸರಳ: ಹಳೆ ಸರಕು ಅಂಗಡಿಯಿಂದ ಹೊರಗೆ, ಹೊಸ ಸರಕು ಒಳಗೆ. ನಮ್ಮ ಕಡೆ ಹಳೇ ವರ್ಷನ್ನಿಗೆ ಸಪೋರ್ಟ್ ನಿಲ್ಲಿಸ್ತಾರಲ್ಲ, ಹಾಗೆ. ಚಿತ್ರದ ಮೊದಲ ಭಾಗದಲ್ಲೇ ಒಂದು ನೌಕೆಯೊಳಗೆ ಪ್ರೌಲ್, ಬ್ರಾನ್, ರ್‍ಯಾಚೆಟ್, ಐರನ್‌ಹೈಡ್ ಎಲ್ಲರನ್ನೂ ಕೊಂದು ಮುಗಿಸಿದರು. ಆಮೇಲೆ ಆಪ್ಟಿಮಸ್. ಚಿತ್ರಕಥೆಗಾರ ರಾನ್ ಫ್ರೀಡ್‌ಮನ್ ಬೇಡ ಅಂದರೂ ಕೇಳಲಿಲ್ಲ. ಥಿಯೇಟರಿನಲ್ಲಿ ಮಕ್ಕಳು ಅತ್ತರು, ಕಂಪನಿಗೆ ಪತ್ರಗಳು ಬಂದವು. ಅವರು ಬೆಚ್ಚಿಬಿದ್ದು, ಅದೇ ಹೊತ್ತಿಗೆ ತಯಾರಾಗ್ತಿದ್ದ ‘ಜಿ.ಐ. ಜೋ’ ಚಿತ್ರದಲ್ಲಿ ಸಾಯಬೇಕಿದ್ದ ಡ್ಯೂಕ್‌ನನ್ನ ಕೋಮಾಕ್ಕೆ ತಳ್ಳಿ ಉಳಿಸಿದರು. 1987ರಲ್ಲಿ ಟಿವಿಯಲ್ಲಿ ಆಪ್ಟಿಮಸ್‌ನನ್ನೂ ಬದುಕಿಸಿದರು. ನನ್ನ ಕ್ಯಾಸೆಟ್ಟಿನ ಭರವಸೆಯೂ ಇದೇ ಗಾಬರಿಯ ಕೂಸು.

ಮೈಕಲ್ ಬೇ ನಿರ್ದೇಶನದ ಮೊದಲ ಚಿತ್ರ 2007ರಲ್ಲಿ ಬಂದಾಗ ನಮ್ಮಂಥ ಹಳೇ ಅಭಿಮಾನಿಗಳ ಗೊಣಗಾಟ ಒಂದೆರಡಲ್ಲ. ಚಪ್ಪಟೆ ಮೂಗಿನ ಲಾರಿ ಹೋಗಿ ಉದ್ದ ಮೂತಿಯ ಪೀಟರ್‌ಬಿಲ್ಟ್ ಬಂತು, ಮೈಮೇಲೆ ಬೆಂಕಿಯ ಚಿತ್ರ ಬೇರೆ. ಫೋಕ್ಸ್‌ವ್ಯಾಗನ್ ಬೀಟಲ್ ಆಗಿದ್ದ ಬಂಬಲ್‌ಬೀ ಶೆವ್ರೊಲೆ ಕಮಾರೋ ಆದ. ಆದರೆ ಅಭಿಮಾನಿಗಳ ಒತ್ತಾಯವೂ ಸೇರಿ ದನಿ ಮಾತ್ರ ಕಲೆನ್ ಅವರದ್ದೇ ಉಳಿಯಿತು. ಅಷ್ಟು ಸಾಕಿತ್ತು ನಮಗೆ.

ಎರಡನೇ ಚಿತ್ರದ ಹಣೆಬರಹವೇ ಬೇರೆ. 2007ರ ನವೆಂಬರಿನಿಂದ 2008ರ ಫೆಬ್ರವರಿವರೆಗೆ ಹಾಲಿವುಡ್ ಬರಹಗಾರರ ಮುಷ್ಕರ ನಡೀತು, ಚಿತ್ರಕಥೆ ಪಕ್ವವಾಗೋಕೆ ಸಮಯ ಸಿಗಲಿಲ್ಲ. ಬೇ ಕೂಡ ಆಮೇಲೆ ಇದನ್ನ ಒಪ್ಪಿಕೊಂಡರು. ಕೋತಿ ಚೇಷ್ಟೆಯ ಅವಳಿ ರೋಬೋಗಳು ಕಪ್ಪು ಜನರನ್ನ ಆಡಿಕೊಳ್ಳೋ ಹಾಗಿವೆ ಅಂತ ವಿಮರ್ಶಕರು ಬೈದರು. ಸರಿಯಾಗೇ ಬೈದರು, ನನಗೂ ಕೂತಲ್ಲೇ ನಾಚಿಕೆಯಾಯ್ತು. ರ್‍ಯಾಜಿ ಪ್ರಶಸ್ತಿಯವರು ವರ್ಷದ ಅತಿ ಕೆಟ್ಟ ಚಿತ್ರ ಅಂದರು. ಗಳಿಕೆ ಮಾತ್ರ ಲೋಕದಾದ್ಯಂತ 83 ಕೋಟಿ ಡಾಲರ್ ದಾಟಿತು. ಅದರಲ್ಲಿ ನನ್ನ ಟಿಕೆಟ್ಟೂ ಇದೆ, ಎರಡು ಸಲದ್ದು.

ಹೌದು, ಎರಡು ಸಲ ನೋಡಿದೆ. ಆ ಕಾಡಿನ ಹೊಡೆದಾಟಕ್ಕೋಸ್ಕರ. ಮರಗಳು ಮುರಿದು ಬೀಳ್ತಾ, ಹಗಲು ಬೆಳಕಿನಲ್ಲಿ ಒಂದೊಂದು ತಗಡೂ ಕಾಣೋ ಹಾಗೆ ಆಪ್ಟಿಮಸ್ ಎರಡೂ ಕೈಯಲ್ಲಿ ಕತ್ತಿ ಬೀಸ್ತಾನಲ್ಲ, ಒಂಬತ್ತು ವರ್ಷದವನಾಗಿದ್ದಾಗ ನೆಲದ ಮೇಲೆ ಆಟಿಕೆ ಹಿಡಿದು ನನ್ನ ಮನಸ್ಸಿನಲ್ಲಿ ನಡೀತಿದ್ದದ್ದು ಅದೇ. ಮೈ ಜುಂ ಅಂತು. ಸಿಟ್ಟು ಬಂದದ್ದು ಅದಾದ ಮೇಲೆ. ಹೆಣವನ್ನ ಹೆಲಿಕಾಪ್ಟರಿನಲ್ಲಿ ತಂದು ಮಿಲಿಟರಿ ನೆಲೆಯಲ್ಲಿ ಇಳಿಸ್ತಾರೆ. ಒಬ್ಬ ಅಧಿಕಾರಿ ಬಂದು ನಿಮ್ಮ ಯೂನಿಟ್ ಬಂದ್ ಅಂತಾನೆ. ಕಥೆ ಅವನನ್ನ ಅಲ್ಲೇ ಬಿಟ್ಟು ಈಜಿಪ್ಟಿನ ಕಡೆ ಓಡುತ್ತೆ. ಮೇಜಿನ ಸುತ್ತ ನಿಲ್ಲೋಕೆ ಯಾರಿಗೂ ಪುರುಸೊತ್ತಿಲ್ಲ.

ದುಡ್ಡಿಗೋಸ್ಕರ ಮಾಡಿದ್ದಾರೆ ಅಂತ ಗೆಳೆಯರ ಹತ್ತಿರ ವಾರವಿಡೀ ಬೈದೆ. ಆದರೆ ಇತಿಹಾಸ ಗೊತ್ತಿದ್ದು ಆ ಮಾತು ಹೇಳೋದು ಕಷ್ಟ. ಮೊದಲ ಸಾವೂ ದುಡ್ಡಿಗೇ ಆಗಿದ್ದಲ್ವಾ? ಇನ್ನೂ ನಿರ್ದಯವಾಗಿ, ಸ್ಟಾಕ್ ಪಟ್ಟಿ ಮುಂದಿಟ್ಟುಕೊಂಡು ಮಾಡಿದ್ದು. ಯೋಚಿಸಿದಾಗ ನನಗೆ ಹೊಳೆದ ವ್ಯತ್ಯಾಸ ಇಷ್ಟೇ. 1986ರಲ್ಲಿ ಕೊಂದವರಿಗೆ ತಾವು ಕೊಲ್ತಿರೋದು ಏನನ್ನ ಅಂತ ಗೊತ್ತಿರಲಿಲ್ಲ. ಹಾಗಾಗಿ ನಿಜವಾಗ್ಲೂ ಕೊಂದರು, ವಾಪಸ್ ತರೋ ಪ್ಲಾನ್ ಇಲ್ಲದೆ. ನಮ್ಮ ದುಃಖವೂ ನಿಜವಾಯ್ತು. 2009ರವರಿಗೆ ಅವನ ಬೆಲೆ ಪೈಸೆ ಪೈಸೆ ಗೊತ್ತಿತ್ತು. ನಮ್ಮಂಥವರ ಕಣ್ಣೀರಿನಿಂದಲೇ ಗೊತ್ತಾಗಿದ್ದು ಅದು. ಹಾಗಾಗಿ ಸಾವು ಬರೀ ಇಂಟರ್ವಲ್ ಆಯ್ತು. ಪಕ್ಕದ ಸೀಟಿನ ಅಪ್ಪ ಹೇಳಿದ್ದು ಸರಿಯಾಗಿಯೇ ಇತ್ತು.

ಕೊನೆಯ ಭಾಗದಲ್ಲಿ ಮರುಭೂಮಿಯ ಮರಳಿನ ಮೇಲೆ ಅವನ ಎದೆಗೆ ಮ್ಯಾಟ್ರಿಕ್ಸ್ ಚುಚ್ಚುತ್ತಾರೆ. ಕಣ್ಣಿನ ನೀಲಿ ಬೆಳಕು ಹತ್ತುತ್ತೆ, ಎರಡು ಗಂಟೆ ಗದ್ದಲದ ಮಧ್ಯೆ ಕಲೆನ್ ಅವರ ಆ ದನಿ ಮತ್ತೆ ಕೇಳುತ್ತೆ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಗಂಟಲು ಕಟ್ಟಿತು, ಕನ್ನಡಕ ತೆಗೆದು ಒರೆಸಿಕೊಂಡೆ. ಪಕ್ಕದ ಹುಡುಗ ನನ್ನನ್ನೇ ನೋಡ್ತಿದ್ದ. “ಅಂಕಲ್, ಬಂದ್ನಲ್ಲ, ಯಾಕೆ ಅಳ್ತಿದ್ದೀರಾ?” ಅಂದ. ಮನೆಗೆ ಹೋಗಿ ಅಜ್ಜಿಗೆ ಫೋನ್ ಮಾಡಿ ಲಾರಿ ವಾಪಸ್ ಬಂತು ಅಂತ ಹೇಳಿದೆ. ಯಾವ ಲಾರಿಯೋ, ಮನೆ ಶಿಫ್ಟ್ ಮಾಡ್ತಿದ್ದೀಯಾ ಅಂತ ಕೇಳಿದರು.