ಹೊಸ ಮ್ಯೂಸಿಕ್ ಪ್ಲೇಯರ್ ಕೊಂಡಿರಾ? ಅದರ ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು

ಹಾಸನ ತಾಲ್ಲೂಕಿನ ಕಟ್ಟಾಯದಿಂದ ಹಿಡಿದು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳವರೆಗೆ, ಸ್ಮಾರ್ಟ್‌ಫೋನ್ ಬಂದ ಮೇಲೂ ಕೆಲವು ಮನೆಗಳಲ್ಲಿ ಒಂದು ವಸ್ತು ತನ್ನ ಜಾಗ ಬಿಟ್ಟುಕೊಟ್ಟಿಲ್ಲ. ಅದು ಮೆಮೊರಿ ಕಾರ್ಡ್, ಪೆನ್‌ಡ್ರೈವ್, ಎಫ್‌ಎಂ ರೇಡಿಯೊ ಮೂರನ್ನೂ ಹಾಡಿಸುವ ಪುಟ್ಟ ಮ್ಯೂಸಿಕ್ ಪ್ಲೇಯರ್. ದನದ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದರೂ ಹಾಡುತ್ತದೆ, ಅಡುಗೆಮನೆಯ ಕಿಟಕಿಯಲ್ಲಿಟ್ಟರೂ ಹಾಡುತ್ತದೆ.

ಇದನ್ನು ಕೊಂಡವರಿಗೆ ಸಲಹೆಗಳಿಗೇನೂ ಬರವಿಲ್ಲ. ಮೊದಲ ದಿನ ಹನ್ನೆರಡು ಗಂಟೆ ಚಾರ್ಜ್ ಮಾಡಿ ಎನ್ನುವವರಿದ್ದಾರೆ, ಬ್ಲೂಟೂತ್‌ನಿಂದ ಮೆದುಳು ಹಾಳಾಗುತ್ತದೆ ಎನ್ನುವವರಿದ್ದಾರೆ, ಮುನ್ನೂರು ರೂಪಾಯಿಗೆ 1 ಟಿಬಿ ಕಾರ್ಡ್ ಸಿಗುತ್ತದೆ ಎನ್ನುವವರೂ ಇದ್ದಾರೆ. ಹೆದರಬೇಕಾದ ಕಡೆ ಹೆದರಿಸದೆ, ಹೆದರಬೇಕಿಲ್ಲದ ಕಡೆ ಹೆದರಿಸುವುದೇ ಇಂಥ ಸಂದೇಶಗಳ ತೊಂದರೆ. ಒಂದೊಂದಾಗಿ ನೋಡೋಣ.

ಫೋನ್ ಇರುವಾಗ ಇದು ಯಾಕೆ?

ಇಂಟರ್‌ನೆಟ್ ಬೇಡ, ಡೇಟಾ ಪ್ಯಾಕ್ ಬೇಡ, ಹಾಡಿನ ನಡುವೆ ಜಾಹೀರಾತು ಇಲ್ಲ, ಕರೆ ಬಂದು ಹರಿಕಥೆ ಅರ್ಧಕ್ಕೆ ನಿಲ್ಲುವುದಿಲ್ಲ. ಗುಂಡಿಗಳನ್ನು ಕೈ ತಡವಿಯೇ ಒತ್ತಬಹುದು. ಕಣ್ಣು ಮಂಜಾದ ಅಜ್ಜಿಗೂ, ಕೈಯಲ್ಲಿ ಮಣ್ಣು ಮೆತ್ತಿಕೊಂಡಿರುವ ರೈತರಿಗೂ ಟಚ್ ಸ್ಕ್ರೀನ್‌ಗಿಂತ ಇದೇ ಸಲೀಸು. ಸೋನಿ ಕಂಪನಿಯ ವಾಕ್‌ಮನ್ 1979ರಲ್ಲಿ ಬಂತು, ಆ್ಯಪಲ್‌ನ ಐಪಾಡ್ 2001ರಲ್ಲಿ ಬಂತು. 2022ರಲ್ಲಿ ಐಪಾಡ್ ತಯಾರಿಕೆ ನಿಲ್ಲಿಸುವುದಾಗಿ ಆ್ಯಪಲ್ ಹೇಳಿತು. ಆದರೆ ಹಾಡಿಗಾಗಿಯೇ ಒಂದು ಪೆಟ್ಟಿಗೆ ಇರಲಿ ಎನ್ನುವ ಆಸೆ ಅದರೊಂದಿಗೆ ನಿಲ್ಲಲಿಲ್ಲ. 2017ರಲ್ಲಿ ಸರೆಗಮ ಕಂಪನಿ 5000 ಹಳೆಯ ಹಾಡು ತುಂಬಿಸಿ ತಂದ ‘ಕಾರವಾನ್’ ಅದಕ್ಕೆ ಸಾಕ್ಷಿ.

ಹೇಳಿಕೆ 1: ಮೊದಲ ಸಲ 8ರಿಂದ 12 ಗಂಟೆ ಚಾರ್ಜ್ ಮಾಡಲೇಬೇಕು

ಇದು ಹಳೆಯ ಕಾಲದ ಬ್ಯಾಟರಿಯ ಮಾತು. ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳಿದ್ದಾಗ ಪೂರ್ತಿ ತುಂಬಿಸಿ, ಪೂರ್ತಿ ಖಾಲಿ ಮಾಡುವುದಕ್ಕೆ ಒಂದು ಅರ್ಥವಿತ್ತು. ಈಗಿನ ಪ್ಲೇಯರ್‌ಗಳಲ್ಲಿ ಇರುವುದು ಸಾಮಾನ್ಯವಾಗಿ ಲಿಥಿಯಂ-ಅಯಾನ್ ಬ್ಯಾಟರಿ. ಇದು 1991ರಲ್ಲಿ ಮಾರುಕಟ್ಟೆಗೆ ಬಂತು. ಅಂಗಡಿಯಿಂದ ಬರುವಾಗಲೇ ಇದರಲ್ಲಿ ಸ್ವಲ್ಪ ಚಾರ್ಜ್ ಇರುತ್ತದೆ, ನೇರವಾಗಿ ಬಳಸಬಹುದು. ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಇದರ ಆಯಸ್ಸೇ ಕಡಿಮೆಯಾಗುತ್ತದೆ.

ಇದಕ್ಕೆ ನಿಜವಾದ ಶತ್ರು ಬಿಸಿ. ಟ್ರ್ಯಾಕ್ಟರ್ ಬಾನೆಟ್ ಮೇಲೆ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ, ಒಲೆಯ ಪಕ್ಕದಲ್ಲಿ ಇಡಬೇಡಿ. ಒಳ್ಳೆಯ ಪ್ಲೇಯರ್‌ನಲ್ಲಿ ಬ್ಯಾಟರಿ ತುಂಬಿದ ಕೂಡಲೇ ಚಾರ್ಜಿಂಗ್ ನಿಲ್ಲಿಸುವ ಸರ್ಕ್ಯೂಟ್ ಇರುತ್ತದೆ. ತೀರಾ ಅಗ್ಗದ್ದರಲ್ಲಿ ಅದು ಇದ್ದೇ ಇರುತ್ತದೆ ಎಂಬ ಭರವಸೆ ಇಲ್ಲ. ಹಾಗಾಗಿ ರಾತ್ರಿಯಿಡೀ ಹಾಸಿಗೆಯ ಮೇಲೆ ಚಾರ್ಜ್‌ಗೆ ಹಾಕಿ ಮಲಗಬೇಡಿ. ಬ್ಯಾಟರಿ ಉಬ್ಬಿದ್ದರೆ ಚುಚ್ಚಬೇಡಿ, ಒತ್ತಿ ಕೂರಿಸಬೇಡಿ, ಮತ್ತೆ ಚಾರ್ಜ್ ಮಾಡಬೇಡಿ. ಬದಲಾಯಿಸಿ.

ಹೇಳಿಕೆ 2: 1 ಟಿಬಿ ಮೆಮೊರಿ ಕಾರ್ಡ್ 300 ರೂಪಾಯಿಗೆ

ನಂಬಬೇಡಿ. ಈ ಬೆಲೆಗೆ ಅಸಲಿ 1 ಟಿಬಿ ಕಾರ್ಡ್ ಸಿಗುವುದಿಲ್ಲ. ಇಲ್ಲಿ ನಡೆಯುವ ಮೋಸವೇ ಬೇರೆ. ಕಾರ್ಡ್‌ನ ಒಳಗಿರುವ ಒಂದು ಚಿಕ್ಕ ಚಿಪ್, ಜಾಗ ಎಷ್ಟಿದೆ ಎಂದು ಕಂಪ್ಯೂಟರ್‌ಗೆ ಹೇಳುತ್ತದೆ. ಆ ಚಿಪ್‌ಗೆ ಸುಳ್ಳು ಹೇಳಲು ಕಲಿಸಿ, 8 ಅಥವಾ 16 ಜಿಬಿ ಕಾರ್ಡ್ ಅನ್ನು 1 ಟಿಬಿ ಎಂದು ತೋರಿಸುತ್ತಾರೆ. ಐವತ್ತು ಮೂಟೆ ಆಲೂಗೆಡ್ಡೆ ಹಿಡಿಸುವ ಕೊಠಡಿಗೆ ‘ಸಾವಿರ ಮೂಟೆ’ ಎಂದು ಬೋರ್ಡ್ ಹಾಕಿ, ಬಂದ ಮೂಟೆಯನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡಂತೆ ಇದು. ಲೆಕ್ಕ ಪುಸ್ತಕದಲ್ಲಿ ಇರುತ್ತದೆ, ಮಾಲು ಕೊಠಡಿಯಲ್ಲಿ ಇರುವುದಿಲ್ಲ. ನಿಜವಾದ ಜಾಗ ತುಂಬಿದ ಮೇಲೆ ಹಾಕಿದ ಹಾಡುಗಳ ಹೆಸರು ಕಾಣುತ್ತದೆ, ಹಾಡು ಬರುವುದಿಲ್ಲ. ಕೆಲವು ಕಾರ್ಡ್‌ಗಳಲ್ಲಿ ಹೊಸದು ಹಳೆಯದರ ಮೇಲೆಯೇ ಬರೆದುಕೊಂಡು ಮೊದಲಿನ ಹಾಡುಗಳೂ ಹೋಗುತ್ತವೆ.

ಸಿನಿಮಾ ಹಾಡು ಹೋದರೆ ಮತ್ತೆ ಸಿಗುತ್ತದೆ. ಆದರೆ ಮದುವೆ ಮನೆಯಲ್ಲಿ ಅಮ್ಮ ಹೇಳಿದ ಸೋಬಾನೆ ಪದವನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಇಂಥ ಕಾರ್ಡ್‌ಗೆ ಹಾಕಿ, ಫೋನ್‌ನಿಂದ ಅಳಿಸಿಬಿಟ್ಟರೆ? ಆ ದನಿ ಮತ್ತೆ ಸಿಗುವುದಿಲ್ಲ. ಅಸಲಿ ಕಾರ್ಡ್ ಆದರೂ ಅದು ತಿಜೋರಿಯಲ್ಲ. ಮನೆಯವರ ದನಿ ಕನಿಷ್ಠ ಎರಡು ಕಡೆ ಇರಲಿ.

ಪರೀಕ್ಷಿಸುವುದು ಹೇಗೆ? ಹೊಸ ಕಾರ್ಡ್‌ಗೆ ಅದು ತುಂಬುವವರೆಗೂ ಫೈಲ್‌ಗಳನ್ನು ಕಾಪಿ ಮಾಡಿ. ನಂತರ ಕಾರ್ಡ್ ತೆಗೆದು ಮತ್ತೆ ಹಾಕಿ, ಮೊದಲ, ನಡುವಿನ ಮತ್ತು ಕೊನೆಯ ಕೆಲವು ಫೈಲ್‌ಗಳನ್ನು ತೆರೆಯಿರಿ. ಎಲ್ಲವೂ ಸರಿಯಾಗಿ ಬಂದರೆ ಕಾರ್ಡ್‌ ಅನ್ನು ಬಹುಮಟ್ಟಿಗೆ ನಂಬಬಹುದು. ಕಂಪ್ಯೂಟರ್ ಇರುವವರು ಇದೇ ಕೆಲಸಕ್ಕೆಂದು ಇರುವ ‘ಎಚ್2ಟೆಸ್ಟ್‌ಡಬ್ಲ್ಯು’ ಎಂಬ ಉಚಿತ ತಂತ್ರಾಂಶವನ್ನು ಬಳಸಬಹುದು.

ಅಷ್ಟಕ್ಕೂ ನಮಗೆ ಎಷ್ಟು ಜಾಗ ಬೇಕು? ಸಾಧಾರಣ ಗುಣಮಟ್ಟದ ಎಂಪಿ3 ಹಾಡು ನಿಮಿಷಕ್ಕೆ ಸುಮಾರು 1 ಎಂಬಿ ಹಿಡಿಯುತ್ತದೆ. 32 ಜಿಬಿ ಕಾರ್ಡ್‌ನಲ್ಲಿ ಸುಮಾರು 500 ಗಂಟೆಯ ಹಾಡು ಹಿಡಿಸುತ್ತದೆ. ದಿನಕ್ಕೆ ಎರಡು ಗಂಟೆ ಕೇಳಿದರೂ ಎಂಟು ತಿಂಗಳು ಒಂದು ಹಾಡೂ ಮರಳಿ ಬರುವುದಿಲ್ಲ.

ಹೇಳಿಕೆ 3: ಕಾರ್ಡ್ ಓದದಿದ್ದರೆ ಪ್ಲೇಯರ್ ಕೆಟ್ಟಿದೆ

ಯಾವಾಗಲೂ ಅಲ್ಲ. 32 ಜಿಬಿವರೆಗಿನ ಕಾರ್ಡ್‌ಗಳು ಸಾಮಾನ್ಯವಾಗಿ ‘ಫ್ಯಾಟ್32’ ಎಂಬ ವ್ಯವಸ್ಥೆಯಲ್ಲಿ ಬರುತ್ತವೆ, 64 ಜಿಬಿ ಮತ್ತು ಮೇಲಿನವು ‘ಎಕ್ಸ್‌ಫ್ಯಾಟ್’ ವ್ಯವಸ್ಥೆಯಲ್ಲಿ. ಅನೇಕ ಅಗ್ಗದ ಪ್ಲೇಯರ್‌ಗಳಿಗೆ ಎರಡನೆಯದನ್ನು ಓದಲು ಬರುವುದಿಲ್ಲ. ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮೊದಲು 32 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಕಾರ್ಡ್ ಹಾಕಿ ನೋಡಿ.

ಕಾರ್ಡ್ ಓದಿದರೂ ಕೆಲವು ಫೈಲ್ ಮಾತ್ರ ಹಾಡದಿದ್ದರೆ, ಅವು ಎಂಪಿ3 ಆಗಿರಲಿಕ್ಕಿಲ್ಲ. ಫೋನ್‌ನಲ್ಲಿ ರೆಕಾರ್ಡ್ ಮಾಡಿದ ದನಿ ಎಷ್ಟೋ ಸಲ ಎಂ4ಎ ಅಥವಾ ಎಎಂಆರ್ ರೂಪದಲ್ಲಿರುತ್ತದೆ. ಹೆಸರಿನ ಕೊನೆಯನ್ನು ಎಂಪಿ3 ಎಂದು ತಿದ್ದಿದರೆ ಸಾಲದು, ಫೈಲನ್ನೇ ಪರಿವರ್ತಿಸಬೇಕು. ಇನ್ನೊಂದು ಮಾತು: ಅನೇಕ ಪ್ಲೇಯರ್‌ಗಳು ಹಾಡುಗಳನ್ನು ಹೆಸರಿನ ಕ್ರಮದಲ್ಲಿ ಅಲ್ಲ, ಕಾರ್ಡ್‌ಗೆ ಹಾಕಿದ ಕ್ರಮದಲ್ಲಿ ಹಾಡುತ್ತವೆ. ಬೆಳಿಗ್ಗೆ ಸುಪ್ರಭಾತವೇ ಮೊದಲು ಬರಬೇಕೆಂದರೆ ಖಾಲಿ ಕಾರ್ಡ್‌ಗೆ ಅದನ್ನೇ ಮೊದಲು ಹಾಕಿ.

ಹೇಳಿಕೆ 4: ಇಯರ್‌ಫೋನ್ ಸಿಕ್ಕಿಸಿದರೆ ಎಫ್‌ಎಂ ಚೆನ್ನಾಗಿ ಬರುತ್ತದೆ

ಇದು ನಿಜ. ಎಳೆದು ಉದ್ದ ಮಾಡುವ ಕಡ್ಡಿ ಇಲ್ಲದ ಪ್ಲೇಯರ್‌ಗಳಲ್ಲಿ ಇಯರ್‌ಫೋನ್ ತಂತಿಯೇ ಆಂಟೆನಾ. ಹಾಸನ ಆಕಾಶವಾಣಿ 102.2 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಆ ತರಂಗದ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗದಷ್ಟು, ಅಂದರೆ ಸುಮಾರು ಮುಕ್ಕಾಲು ಮೀಟರ್ ತಂತಿ ಅದನ್ನು ಚೆನ್ನಾಗಿ ಹಿಡಿಯುತ್ತದೆ. ಎಫ್‌ಎಂ ತರಂಗಗಳು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಗುಡ್ಡದ ಮರೆಯಲ್ಲಿ, ತಗ್ಗಿನ ಗದ್ದೆಯಲ್ಲಿ ಕರಕರ ಸದ್ದು ಹೆಚ್ಚು. ಪ್ಲೇಯರ್ ಬದಲಿಸುವ ಮೊದಲು ಜಾಗ ಬದಲಿಸಿ ನೋಡಿ. ಚಾರ್ಜರ್‌ಗೆ ಸಿಕ್ಕಿಸಿದಾಗ ಮಾತ್ರ ಗೊರಗೊರ ಎಂದರೆ ತಪ್ಪು ಬಹುಶಃ ಚಾರ್ಜರ್‌ನದು.

ಹೇಳಿಕೆ 5: ಬ್ಲೂಟೂತ್‌ನಿಂದ ಮೆದುಳಿಗೆ ಹಾನಿ

ಬ್ಲೂಟೂತ್ ಇಯರ್‌ಫೋನ್ ಹೊರಸೂಸುವ ಶಕ್ತಿ ಸಾಮಾನ್ಯವಾಗಿ ಕೆಲವೇ ಮಿಲಿವ್ಯಾಟ್. ಎಕ್ಸ್-ರೇ ಹಾಗೆ ಅಣುಗಳನ್ನು ಒಡೆಯುವ ಬಗೆಯ ವಿಕಿರಣ ಇದಲ್ಲ. ಇದರಿಂದ ಮೆದುಳು ಹಾಳಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ.

ಇಯರ್‌ಫೋನ್‌ನಿಂದ ಅಪಾಯ ಇದೆ, ಆದರೆ ಅದು ಶಬ್ದದಿಂದ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. ಶಬ್ದ 3 ಡೆಸಿಬಲ್ ಹೆಚ್ಚಿದಂತೆಲ್ಲ ಈ ಸಮಯ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ, 75 ಡೆಸಿಬಲ್. ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಟ್ರ್ಯಾಕ್ಟರ್, ಬಸ್ಸು, ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಹಾಡು ಕೇಳಲು ನಾವು ವಾಲ್ಯೂಮ್ ಏರಿಸುತ್ತೇವೆ, ಅಲ್ಲಿಯೇ ಅಪಾಯ. ವಾಲ್ಯೂಮ್ ಗರಿಷ್ಠದ ಶೇ 60ಕ್ಕಿಂತ ಕೆಳಗಿರಲಿ. ಹಾಡು ನಿಂತ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಅದು ಎಚ್ಚರಿಕೆ. ಪದೇ ಪದೇ ಹಾಗಾದರೆ ವೈದ್ಯರಿಗೆ ತೋರಿಸಿ.

ನಮ್ಮ ಜಿಲ್ಲೆಗೆ ಇನ್ನೊಂದು ಮಾತು ಸೇರಿಸಬೇಕು. ಆಲೂರು, ಸಕಲೇಶಪುರ, ಬೇಲೂರು ಕಡೆ ಕಾಡಾನೆಗಳ ಓಡಾಟವಿದೆ. ಮುಂಜಾನೆ, ಮುಸ್ಸಂಜೆ ತೋಟದ ದಾರಿಯಲ್ಲಿ ನಡೆಯುವಾಗ ಎರಡೂ ಕಿವಿ ಮುಚ್ಚಿಕೊಂಡಿರಬೇಡಿ. ಕೊಂಬೆ ಮುರಿಯುವ ಸದ್ದು ಕೇಳಿದರೆ ಜೀವ ಉಳಿಯಬಹುದು. ರಸ್ತೆಗೂ ರೈಲು ಹಳಿಗೂ ಇದೇ ಮಾತು.

ಕೊಳ್ಳುವಾಗ ಏನು ನೋಡಬೇಕು?

ಅಂಗಡಿಯಲ್ಲೇ ಕಾರ್ಡ್, ಪೆನ್‌ಡ್ರೈವ್, ಎಫ್‌ಎಂ ಮೂರನ್ನೂ ಹಾಡಿಸಿ ನೋಡಿ. ಬ್ಯಾಟರಿ ಬದಲಾಯಿಸಲು ಬರುತ್ತದೆಯೇ ಎಂದು ಕೇಳಿ, ಬಂದರೆ ಪ್ಲೇಯರ್ ಹೆಚ್ಚು ವರ್ಷ ಬಾಳುತ್ತದೆ. ಚಾರ್ಜರ್ ಮೇಲೆ ಬಿಐಎಸ್ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಪರಿಶೀಲಿಸಬಹುದು. ಬಿಲ್ ಕೇಳಿ ಪಡೆಯಿರಿ. ನಕಲಿ ಕಾರ್ಡ್ ಕೊಟ್ಟು ಬದಲಿಸಿಕೊಡಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಲ್ ಇಲ್ಲದಿದ್ದರೆ ನಿಮ್ಮ ವಾದಕ್ಕೆ ಬಲ ಕಡಿಮೆ.

ಒಟ್ಟಿನಲ್ಲಿ: ಹನ್ನೆರಡು ಗಂಟೆಯ ಚಾರ್ಜ್, ಬ್ಲೂಟೂತ್ ಭಯ ಎರಡನ್ನೂ ಬಿಟ್ಟುಬಿಡಿ. ನಕಲಿ ಕಾರ್ಡ್, ಬಿಸಿಯಾದ ಬ್ಯಾಟರಿ, ಏರಿಸಿದ ವಾಲ್ಯೂಮ್ ಈ ಮೂರರ ಬಗ್ಗೆ ಎಚ್ಚರವಿರಲಿ. ಮನೆಯ ಗುಂಪಿಗೆ ಏನಾದರೂ ಫಾರ್ವರ್ಡ್ ಮಾಡುವುದಿದ್ದರೆ ಈ ಮೂರನ್ನೇ ಮಾಡಿ.