ದೇವರ ಹೆಸರಲ್ಲಿ ಬಂದ ಬಿಲ್

1/5
ದೆವ್ವಾನೇ ಇಲ್ಲದ ಹಾರರ್ ಸಿನಿಮಾ ನೋಡಿದ್ದೀರಾ? 1968ರ ‘ವಿಚ್‌ಫೈಂಡರ್ ಜನರಲ್’ ಅಂಥದ್ದು. ತಯಾರಿಸಿದ್ದು ಟೈಗಾನ್ ಅನ್ನೋ ಸಣ್ಣ ಬ್ರಿಟಿಷ್ ಕಂಪನಿ. ನಿರ್ದೇಶಕ ಮೈಕಲ್ ರೀವ್ಸ್‌ಗೆ ಆಗ ಬರೀ 24 ವರ್ಷ. ಇದರಲ್ಲಿ ಭಯ ಹುಟ್ಟಿಸೋದು ಮಾಟಗಾತಿಯರಲ್ಲ, ಅವರನ್ನ ಹುಡುಕೋಕೆ ಬರೋ ಮ್ಯಾಥ್ಯೂ ಹಾಪ್ಕಿನ್ಸ್. ಅವನು ನಿಜವಾಗಿ ಬದುಕಿದ್ದ ಮನುಷ್ಯ.

2/5
1645, ಇಂಗ್ಲೆಂಡಿನ ಎಸೆಕ್ಸ್. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೀತಿತ್ತು, ಕೋರ್ಟುಗಳ ವ್ಯವಸ್ಥೆ ಹದಗೆಟ್ಟಿತ್ತು. ಮ್ಯಾನಿಂಗ್‌ಟ್ರೀ ಊರಿನ ಎಲಿಜಬೆತ್ ಕ್ಲಾರ್ಕ್ ಒಂಟಿಕಾಲಿನ ಬಡ ಮುದುಕಿ. ಊರವರೇ ಅವಳನ್ನ ಮಾಟಗಾತಿ ಅಂದ್ರು. ಹಾಪ್ಕಿನ್ಸ್ ಮತ್ತು ಅವನ ಜೊತೆಯವರು ರಾತ್ರಿಗಟ್ಟಲೆ ನಿದ್ದೆ ಮಾಡೋಕೆ ಬಿಡದೆ ಕಾವಲು ಕೂತ್ರು. ಕೊನೆಗೆ ಒಪ್ಪಿಕೊಂಡಳು, ಬೇರೆ ಹೆಂಗಸರ ಹೆಸರೂ ಹೇಳಿದಳು. ಅವಳನ್ನ ಗಲ್ಲಿಗೇರಿಸಿದರು. ಎರಡು ವರ್ಷಗಳಲ್ಲಿ ಆ ಸೀಮೆಯಲ್ಲಿ ಹೀಗೆ ಸತ್ತವರು 100ಕ್ಕೂ ಹೆಚ್ಚು.

3/5
ಈಗ ನಮ್ಮ ಬಿಕಾಂ ಕಣ್ಣಲ್ಲಿ ನೋಡಿ. ಹಾಪ್ಕಿನ್ಸ್ ಊರೂರು ಸುತ್ತಿದ್ದು ಪುಕ್ಕಟೆ ಅಲ್ಲ. ತಾನು ಊರಿಗೆ 20 ಶಿಲ್ಲಿಂಗ್, ಅಂದ್ರೆ 1 ಪೌಂಡ್ ಮಾತ್ರ ತಗೊಳ್ತೀನಿ ಅಂತ ಅವನೇ ಬರೆದಿದ್ದಾನೆ. ಆದ್ರೆ ಸ್ಟೋಮಾರ್ಕೆಟ್ ಊರು ಅವನಿಗೂ ಅವನ ಜೊತೆಯವರಿಗೂ ತೆತ್ತಿದ್ದು 23 ಪೌಂಡ್! ಇಪ್ಸ್‌ವಿಚ್‌ನಲ್ಲಿ ಖರ್ಚು ತೂಗಿಸೋಕೆ ಜನರ ಮೇಲೆ ವಿಶೇಷ ತೆರಿಗೆಯನ್ನೇ ಹಾಕಬೇಕಾಯ್ತು. ಲೆಕ್ಕ ತಾಳೆ ಆಗುತ್ತಾ, ನೀವೇ ಹೇಳಿ.

4/5
ಇದಕ್ಕೆ ತಡೆ ಹಾಕಿದ್ದು ಯಾರು ಗೊತ್ತಾ? ಮೊದಲು ದನಿ ಎತ್ತಿದವರಲ್ಲಿ ಒಬ್ಬ ಜಾನ್ ಗಾಲ್ ಅನ್ನೋ ಪಾದ್ರಿ. ಮಾಟಗಾತಿಯರು ಇದ್ದಾರೆ ಅಂತ ಅವನೂ ನಂಬಿದ್ದ. ಆದ್ರೂ ‘ಇದೆಂಥ ವಿಚಾರಣೆ?’ ಅನ್ನೋ ಪ್ರಶ್ನೆ ಬಿಡಲಿಲ್ಲ. ಪ್ರವಚನದಲ್ಲಿ ಖಂಡಿಸಿದ, 1646ರಲ್ಲಿ ಪುಸ್ತಕಾನೂ ಬರೆದ. ಆಮೇಲೆ ನಾರ್ಫೋಕ್‌ನಲ್ಲಿ ಚಿತ್ರಹಿಂಸೆ ಬಗ್ಗೆ, ಫೀಸಿನ ಬಗ್ಗೆ ಪ್ರಶ್ನೆಗಳು ಎದ್ದವು. ಹಾಪ್ಕಿನ್ಸ್ ಸಮರ್ಥನೆಗೆ ಒಂದು ಪುಸ್ತಕ ಅಚ್ಚು ಹಾಕಿಸಿ, 1647ರಲ್ಲಿ ಕಾಯಿಲೆಯಿಂದ ಸತ್ತ. ಅವನ ಮೇಲೆ ಕೇಸೂ ಇಲ್ಲ, ಶಿಕ್ಷೆಯೂ ಇಲ್ಲ.

5/5
ಸಿನಿಮಾದಲ್ಲಿ ಅವನನ್ನ ಕೊಡಲಿಯಿಂದ ಕೊಚ್ಚುತ್ತಾರೆ. ನೋಡೋವಾಗ ‘ಸದ್ಯ, ವಿಲನ್ ಸತ್ತ’ ಅಂತ ಉಸಿರು ಬಿಡ್ತೀವಿ. ಇತಿಹಾಸ ನಮಗೆ ಆ ಸಮಾಧಾನ ಕೊಡಲ್ಲ. ಹಾಪ್ಕಿನ್ಸ್ ಒಬ್ಬನೇ, ಆದ್ರೆ ಅವನನ್ನ ಕರೆಸಿದ್ದು, ಹೆಸರು ಕೊಟ್ಟಿದ್ದು, ದುಡ್ಡು ಕಟ್ಟಿದ್ದು ಇಡೀ ಊರು. ಧರ್ಮ ಉಳಿಸ್ತೀನಿ ಅಂತ ಯಾರಾದ್ರೂ ನಿಮ್ಮ ಮುಂದೆ ಬೆರಳು ತೋರಿಸಿದ್ರೆ ಎರಡೇ ಪ್ರಶ್ನೆ ಕೇಳಿ: ಸಾಕ್ಷಿ ಎಲ್ಲಿ? ಇದರಲ್ಲಿ ಲಾಭ ಯಾರಿಗೆ? ಎಲಿಜಬೆತ್ ಪರವಾಗಿ ಇದನ್ನ ಕೇಳೋರು ಅವತ್ತು ಊರಲ್ಲಿ ಇರಲಿಲ್ಲ.

#ಸಿನಿಮಾಹಿಂದಿನಇತಿಹಾಸ