ಉಕ್ಕಿನ ಹದ: ಕುಲುಮೆಯಿಂದ ಶಾಸ್ತ್ರದವರೆಗೆ

ಜೋಯಿಡಾದ ಕಾಡಿನಂಚಿನ ಊರುಗಳಲ್ಲಿ ಕುಣಬಿ ರೈತನು ಸೊಂಟದ ಹಿಂಬದಿಯ ಕೊಕ್ಕೆಗೆ ಸಿಕ್ಕಿಸಿಕೊಂಡು ಹೊರಡುವ ಕತ್ತಿಯು, ಬಿದಿರನ್ನು ಸೀಳಿಯೂ ಮೊಂಡಾಗದೆ, ಮರದ ಗಂಟಿಗೆ ತಾಗಿಯೂ ಮುಕ್ಕಾಗದೆ ಉಳಿಯಬೇಕಾದರೆ, ಅದರ ಲೋಹವು ಉತ್ತಮವಾಗಿದ್ದರಷ್ಟೇ ಸಾಲದು. ಕಾಯಿಸಿ, ತಣಿಸಿ, ಮರಳಿ ಹಿತವಾಗಿ ಕಾಯಿಸುವ ಸಂಸ್ಕಾರವೂ ಅದಕ್ಕೆ ಸಂದಿರಬೇಕು. ಲೋಹವಿದ್ಯೆಯ ಚರಿತ್ರೆಯನ್ನು ಬರೆದವರು ಉಕ್ಕಿನ ಕೀರ್ತಿಯನ್ನು ಕೊಂಡಾಡಿದಷ್ಟು ಈ ಹದದ ವಿದ್ಯೆಯನ್ನು ಗಣಿಸಲಿಲ್ಲವೆಂಬುದು ನನ್ನ ಅಭಿಪ್ರಾಯ.

ವಿದ್ಯೆಯಾದರೋ ಬಹು ಪುರಾತನವಾದುದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಖಡ್ಗಲಕ್ಷಣದಲ್ಲಿ, ಆಯುಧಕ್ಕೆ ತುಪ್ಪ, ನೀರು, ಪ್ರಾಣಿಗಳ ಹಾಲು, ಮಜ್ಜಿಗೆಯಲ್ಲಿ ಕಲಸಿದ ಬಾಳೆಯ ಬೂದಿ ಮೊದಲಾದವುಗಳ ಪಾನವನ್ನು, ಎಂದರೆ ಕಾಯಿಸಿದ ಅಲಗನ್ನು ಅವುಗಳಿಂದ ತಣಿಸುವುದನ್ನು, ವಿಧಿಸಿದ್ದಾನೆ. ಇವನ್ನು ಮೌಢ್ಯವೆಂದು ತಳ್ಳಿಬಿಡುವುದು ಸುಲಭ. ಆದರೆ ದ್ರವವು ಬದಲಾದಂತೆ ತಣಿಯುವ ವೇಗವೂ, ಆ ಮೂಲಕ ಅಲಗಿನ ಗುಣವೂ ಬದಲಾಗುವುದೆಂಬ ಅನುಭವವು ಈ ಪಟ್ಟಿಯ ಹಿಂದೆ ಇದ್ದಂತೆ ನನಗೆ ತೋರುತ್ತದೆ.

1801ರಲ್ಲಿ ಹಳಿಯಾಳದ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ನನು, ಮೈಸೂರು ಸೀಮೆಯ ಚನ್ನರಾಯನದುರ್ಗದ ಆಸುಪಾಸಿನಲ್ಲಿ, ಮಣ್ಣಿನ ಮೂಸೆಯೊಳಗೆ ಕಬ್ಬಿಣದೊಡನೆ ತಂಗಡಿಯ ಕಡ್ಡಿಯನ್ನೂ ಹಸಿ ಎಲೆಯನ್ನೂ ಇಟ್ಟು ಉಕ್ಕು ಮಾಡುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ಇಂತಹ ಉಕ್ಕನ್ನೇ ಕುರಿತು 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧವನ್ನೋದಿದನು. ಮುಂದೆ ಮೈಕೆಲ್ ಫ್ಯಾರಡೆಯು ಸ್ಟೋಡಾರ್ಟನೆಂಬ ಚಾಕು ತಯಾರಕನೊಡಗೂಡಿ ಅದನ್ನು ಪರೀಕ್ಷಿಸಿದನು. ಯೂರೋಪಿನ ಅನೇಕ ಕಮ್ಮಾರರ ಕೈಯಲ್ಲಿ ಆ ಉಕ್ಕು ಸುತ್ತಿಗೆಯ ಏಟಿಗೆ ಪುಡಿಯಾದುದಕ್ಕೆ ಕಾರಣ ಉಕ್ಕಿನ ದೋಷವಲ್ಲ, ಉಷ್ಣದ ಅತಿರೇಕ: ಶೇಕಡಾ ಒಂದನ್ನು ಮೀರಿದ ಇಂಗಾಲವುಳ್ಳ ಆ ಲೋಹವು ಮಂದವಾದ ಕೆಂಪಿನಲ್ಲಿ ಮಾತ್ರ ಬಡಿತವನ್ನು ಸಹಿಸಬಲ್ಲದು.

ಕಾಯಿಸಿ ತಣಿಸಿದಾಗ ಉಕ್ಕಿನೊಳಗೆ ಏನಾಗುವುದೆಂಬುದಕ್ಕೆ ಶಾಸ್ತ್ರವು ಉತ್ತರ ಕಂಡುಕೊಂಡುದು ತಡವಾಗಿ. 1868ರಲ್ಲಿ ರಷ್ಯದ ಚೆರ್ನೋವ್, ಒಂದು ನಿಯತ ಉಷ್ಣಕ್ಕೇರದ ಉಕ್ಕನ್ನು ಎಷ್ಟು ಬೇಗ ತಣಿಸಿದರೂ ಅದು ಗಡುಸಾಗದೆಂದು ತೋರಿಸಿದನು. ಲ ಶಾಟೆಲಿಯೆ 1880ರ ದಶಕದಲ್ಲಿ ಕುಲುಮೆಯ ಉಷ್ಣವನ್ನು ಅಳೆಯುವ ತಂತಿಜೋಡಿಯನ್ನು ಸಾಧಿಸಿಕೊಟ್ಟನು. ಥಟ್ಟನೆ ತಣಿದ ಉಕ್ಕಿನ ಸೂಜಿಯಂತಹ ಒಳರಚನೆಗೆ ಒಸ್ಮಾಂಡನು ಮಾರ್ಟೆನ್ಸೈಟ್ ಎಂದು ಹೆಸರಿಟ್ಟನು. 1930ರಲ್ಲಿ ಡೇವನ್‌ಪೋರ್ಟ್ ಮತ್ತು ಬೇನ್, ಯಾವ ಉಷ್ಣದಲ್ಲಿ ಎಷ್ಟು ಹೊತ್ತಿಗೆ ಯಾವ ರಚನೆ ಮೂಡುವುದೆಂಬುದನ್ನು ನಕ್ಷೆಯಾಗಿ ಬರೆದರು.

ಆ ನಕ್ಷೆಯ ಸಾರವನ್ನು ಕುಲುಮೆಯ ಮುಂದೆ ನಿಂತು ನೋಡಬಹುದು. ಶೇಕಡಾ 0.8ರಷ್ಟು ಇಂಗಾಲವುಳ್ಳ ಅಲಗು, ಸುಮಾರು 730 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ತನ್ನ ಇಂಗಾಲವನ್ನೆಲ್ಲ ಕರಗಿಸಿಕೊಳ್ಳತೊಡಗುತ್ತದೆ; ಆಯಸ್ಕಾಂತವೂ ಅದಕ್ಕೆ ಅಂಟುವುದಿಲ್ಲ. ಇನ್ನು ಸ್ವಲ್ಪ ಕಾಯಿಸಿ ಅದ್ದಿದರೆ ಇಂಗಾಲವು ಒಳಗೇ ಸೆರೆಯಾಗಿ ಅಲಗು ಗಾಜಿನಂತೆ ಗಡುಸೂ ಭಿದುರವೂ ಆಗುತ್ತದೆ. ಅತಿಯಾಗಿ ಕಾಯಿಸಿದರೆ ಕಣಗಳು ದಪ್ಪಗೆ ಬೆಳೆದು, ಹರಿತವಿದ್ದರೂ ಬಾಳಿಕೆಯಿಲ್ಲ. ಬಳಿಕ ಬರುವುದೇ, ಆ ಭಿದುರತೆಯನ್ನು ತಗ್ಗಿಸಲು ಮರಳಿ ಹಿತವಾಗಿ ಕಾಯಿಸುವ, ನಾನು ಎಲ್ಲಕ್ಕಿಂತ ಮಿಗಿಲೆಂದೆಣಿಸುವ ಘಟ್ಟ. ಬಾಯಿಯನ್ನು ಮಾತ್ರ ಅದ್ದಿ ತೆಗೆದ ಕತ್ತಿಯ ಮೈಯನ್ನು ಕಮ್ಮಾರನು ಮರಳುಗಲ್ಲಿನಿಂದ ಬೆಳ್ಳಗೆ ಉಜ್ಜುತ್ತಾನೆ. ಬೆನ್ನಿನಲ್ಲಿ ಉಳಿದ ಕಾವು ಬಾಯಿಯತ್ತ ಇಳಿಯುತ್ತ, ಮೊದಲು ಒಣಹುಲ್ಲಿನ ಹಳದಿ, ಅನಂತರ ಕಂದು, ಆಮೇಲೆ ನೇರಿಳೆ, ಕಡೆಗೆ ನೀಲಿಯಾಗಿ ಹರಿಯುತ್ತದೆ. ಹಳದಿಯು ಸುಮಾರು 220 ಡಿಗ್ರಿ, ನೀಲಿಯು ಸುಮಾರು 300. ಅಡುಗೆಮನೆಯ ಚಾಕುವಿಗೆ ಹಳದಿಯೇ ಸಾಕು. ಕಾಡಿನ ಕತ್ತಿಗೆ ಕಂದು ದಾಟಿ ನೇರಿಳೆ ಇಣುಕುವವರೆಗೂ ಕಾದು, ಮತ್ತೊಮ್ಮೆ ಅದ್ದಿ ನಿಲ್ಲಿಸಬೇಕು.

ಇನ್ನು ಈ ಹದದ ವಿದ್ಯೆಗೂ ಜೋಯಿಡಾ, ದಾಂಡೇಲಿಗಳಿಗೂ ಇರುವ ಸಂಬಂಧ. ಜೋಯಿಡಾ ತಾಲೂಕಿನ ಮ್ಯಾಂಗನೀಸ್ ಅದಿರು ಹೆಸರಾದುದು. ದಾಂಡೇಲಿಯಲ್ಲಿ ಫೆರೋ ಮ್ಯಾಂಗನೀಸ್ ಕಾರ್ಖಾನೆಯೂ ನಡೆಯಿತು. ಉಕ್ಕಿನ ಒಳರಚನೆಯ ಬದಲಾವಣೆಯನ್ನು ನಿಧಾನಿಸುವ ಗುಣವು ಮ್ಯಾಂಗನೀಸಿಗಿರುವುದರಿಂದ, ಅದು ತಕ್ಕಷ್ಟು ಬೆರೆತ ಉಕ್ಕು ನೀರಿನ ಬದಲು ಎಣ್ಣೆಯಲ್ಲಿ ತಣಿದರೂ ಗಡುಸಾಗುತ್ತದೆ. ಹಳೆಯ ಲಾರಿಯ ಪಟ್ಟಿ ಸ್ಪ್ರಿಂಗುಗಳು ಸಾಮಾನ್ಯವಾಗಿ ಸಿಲಿಕಾನ್, ಮ್ಯಾಂಗನೀಸ್ ಬೆರೆತ ಉಕ್ಕಿನವು; ಇಂದು ಎಷ್ಟೋ ಕುಲುಮೆಗಳಲ್ಲಿ ಕತ್ತಿಯಾಗುತ್ತಿರುವುದು ಅವೇ. ಅವನ್ನು ಹಳೆಯ ವಾಡಿಕೆಯಂತೆ ನೀರಿಗದ್ದಿದರೆ ಬಾಯಿ ಬಿರಿಯುವ ಭಯವುಂಟು. ಬಿಸಿ ಎಣ್ಣೆಗೆ ಅದ್ದಿ, ಕೂಡಲೇ 200 ಡಿಗ್ರಿಯ ಮೇಲೆ ಒಂದೆರಡು ಗಂಟೆ ಕಾಯಿಸಿದಲ್ಲಿ ಆ ಭಯ ಬಹುಮಟ್ಟಿಗೆ ನೀಗುತ್ತದೆ. ಅಷ್ಟು ಹೊತ್ತು ಒಂದೇ ಕಾವನ್ನು ಹಿಡಿದಿಡುವುದು ಇದ್ದಿಲಿನ ಒಲೆಗೆ ಕಷ್ಟ. ಉಷ್ಣನಿಯಂತ್ರಕವುಳ್ಳ ಸಣ್ಣ ವಿದ್ಯುತ್ ಒಲೆಯೊಂದನ್ನು ಜೋಯಿಡಾ, ಹಳಿಯಾಳ, ಮುಂಡಗೋಡಗಳ ಕಮ್ಮಾರರಿಗೆ ಒದಗಿಸುವುದು ಈಗ ಆಗಬೇಕಾದ ಕೆಲಸ.